ಶಾಮಣ್ಣನವರು ವಾಪಸ್ ಕಳಿಸಿದ ಟಪಾಲು

ಶಾಮಣ್ಣನವರ ಕೈಗೆ ಯಾವ ಲಕೋಟೆ ಕೊಟ್ಟರೂ ಮೊದಲು ಹೆಸರು ಓದುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಅಂಚೆ ಮೊಹರು ನೋಡುತ್ತಿದ್ದರು. ಮೂವತ್ತೈದು ವರ್ಷ ಅಂಚೆ ಇಲಾಖೆಯಲ್ಲಿ ಟಪಾಲು ವಿಂಗಡಿಸಿದವರು. ನಿವೃತ್ತರಾದ ಮೇಲೆ ತ್ಯಾಗರಾಜನಗರದ ನನ್ನ ಬ್ರೌಸಿಂಗ್ ಸೆಂಟರಿಗೆ ದಿನವೂ ಹತ್ತೂವರೆಗೆ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಡ್ಯೂಟಿಗೆ ಬಂದ ಹಾಗೆ ಬರುತ್ತಿದ್ದರು.

ಒಂದು ದಿನ ಅವರ ಕ್ರೆಡಿಟ್ ಕಾರ್ಡ್ ಕಂಪನಿಯ ಹೆಸರಿನಲ್ಲಿ ಮೇಲ್ ಬಂತು: ಈ ದಿನವೇ ಕೆಳಗಿನ ಲಿಂಕ್ ಒತ್ತಿ ಕಾರ್ಡಿನ ನಂಬರು ತುಂಬದಿದ್ದರೆ ಕಾರ್ಡ್ ರದ್ದು. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಆ ಕಾರ್ಡನ್ನೇ ನೆಚ್ಚಿಕೊಂಡಿದ್ದವರು ಗಾಬರಿಬಿದ್ದರು. ನಾನು ಲಿಂಕಿನ ಮೇಲೆ ಮೌಸ್ ಇಟ್ಟು, ಒತ್ತದೆ, ಪರದೆಯ ಕೆಳಗೆ ಮೂಡಿದ ಅಸಲಿ ವಿಳಾಸ ತೋರಿಸಿದೆ. ಅದರಲ್ಲಿ ಕಂಪನಿಯ ಹೆಸರೇ ಇರಲಿಲ್ಲ.

"ಅಯ್ಯೋ, ಸೀಲು ಇಲ್ಲಿದೆ ಕಣಮ್ಮ!"

ಅಂದಿನಿಂದ ಪಕ್ಕದ ಕುರ್ಚಿಯವರಿಗೆಲ್ಲ ಅವರದೇ ಪಾಠ. "'ಪ್ರಿಯ ಗ್ರಾಹಕರೇ' ಅಂತಾನೆ ನೋಡಿ, ಹೆಸರೇ ಗೊತ್ತಿಲ್ಲ ಅವನಿಗೆ. ಅವಸರ ಬೇರೆ ಮಾಡ್ತಾನೆ. ನಂಬಬೇಡಿ ಸಾರ್."

ಆದರೆ ಆ ಮೇಲುಗಳನ್ನು ಅಳಿಸಲು ಮಾತ್ರ ಒಪ್ಪುತ್ತಿರಲಿಲ್ಲ. "ತಪ್ಪಾಗಿ ಬಂದ ಟಪಾಲು ಹರಿದುಹಾಕೋ ಹಾಗಿಲ್ಲಮ್ಮ. ಕಳಿಸಿದೋರಿಗೇ ವಾಪಸ್ ಹೋಗ್ಬೇಕು" ಎಂದು ಒಂದೊಂದನ್ನೂ ಹಿಂದಿರುಗಿಸುತ್ತಿದ್ದರು, ಕೆಳಗೆ ತಮ್ಮ ಹೆಸರು, ಮನೆ ವಿಳಾಸ, ಫೋನ್ ನಂಬರು ಸಮೇತ. ನಾನು ನೋಡಿ ನಗುತ್ತಿದ್ದೆ. ಆ ನಗು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಬೆಳಿಗ್ಗೆ ಅವರ ಮನೆಗೆ ಫೋನ್ ಬಂತಂತೆ. "ಶಾಮಣ್ಣ ಸಾರ್, ಕಾರ್ಡ್ ಕಂಪನಿಯಿಂದ. ನೀವು ವಾಪಸ್ ಕಳಿಸಿದ ಮೇಲ್‌ಗಳೆಲ್ಲ ನಮಗೆ ಸಿಕ್ಕಿವೆ, ತುಂಬಾ ಥ್ಯಾಂಕ್ಸ್. ನಿಮ್ಮ ಕಾರ್ಡ್ ಸೇಫಾಗಿದೆಯಾ ಅಂತ ಒಂದ್ಸಲ ಚೆಕ್ ಮಾಡ್ಬಿಡ್ತೀವಿ." ಹೆಸರು ಸರಿ, ವಿಳಾಸ ಸರಿ. ಇಲಾಖೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಥ್ಯಾಂಕ್ಸ್ ಬೇರೆ. ಖುಷಿಯಲ್ಲಿ ಕಾರ್ಡಿನ ನಂಬರು, ಹಿಂಬದಿಯ ಮೂರು ಅಂಕಿ, ಎಲ್ಲವನ್ನೂ ನಿಧಾನವಾಗಿ ಓದಿ ಹೇಳಿದರು. ಸಂಜೆಯೊಳಗೆ ಕಾರ್ಡಿನಲ್ಲಿ ಏನೂ ಉಳಿದಿರಲಿಲ್ಲ.

ಇಬ್ಬರೂ ಕೂತು ಕಂಪನಿಗೆ ದೂರು ಬರೆದೆವು. ಮೂರು ವಾರದ ಮೇಲೆ ಅಂಚೆಯಲ್ಲಿ ಉತ್ತರ ಬಂತು. ಒಡೆಯದೆ ನನ್ನ ಹತ್ತಿರ ತಂದು, ಕನ್ನಡಕ ಹಣೆಗೇರಿಸಿ ಮೊಹರು ನೋಡಿದರು.

"ಇದು ಅಸಲಿ ಕಣಮ್ಮ." ಮುಖ ಅರಳಿತ್ತು.

ನಂಬರನ್ನು ನೀವೇ ಕೊಟ್ಟಿರುವುದರಿಂದ ನಾವೇನೂ ಮಾಡಲಾಗದು ಎಂದು ಅದರಲ್ಲಿತ್ತು. ನಾನೇ ಓದಿ ಹೇಳಿದೆ. ಅವರು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಲಕೋಟೆಗೆ ಸೇರಿಸಿದರು.

"ಇದನ್ನ ವಾಪಸ್ ಕಳಿಸೋ ಹಾಗಿಲ್ಲಮ್ಮ. ಸರಿಯಾದ ವಿಳಾಸಕ್ಕೇ ಬಂದಿದೆ."

ಮರುದಿನ ಹತ್ತೂವರೆಗೆ ಅವರ ಕಂಪ್ಯೂಟರ್ ಆನ್ ಮಾಡಿಟ್ಟು ಕಾದೆ. ಅವರು ಬರಲಿಲ್ಲ. ಆಮೇಲೆಂದೂ ಬರಲಿಲ್ಲ.