ಒಂದು ಬೀಡಿಯಷ್ಟು ದೂರದ ಶಾಲೆ

ನಮ್ಮ ಓಣಿಯ ಶಾಲೆಯ ಬೀಗ ತೆಗೆಸಲು ನನಗೆ ತಗುಲಿದ್ದು ಏಳು ಸಂತೆ, ಒಂದು ಜೊತೆ ಚಪ್ಪಲಿ, ಮತ್ತು ತಾಲೂಕು ಕಚೇರಿಯಲ್ಲಿ ನಾಲ್ಕು ಜನರ ಮುಂದೆ ನಾನು ಸುಳ್ಳುಗಾರ ಎಂದು ಒಪ್ಪಿಕೊಂಡ ಮಾತು. ಮೂರನೆಯದೇ ತುಟ್ಟಿ. ಆದರೆ ಬೀಗ ಬಿದ್ದದ್ದೂ ನನ್ನ ಬಾಯಿಂದಲೇ.

ಎಂಬತ್ತರ ದಶಕ. ಅಂದೋಲಾ ಕಡೆಯ ಸಣ್ಣ ಊರು ನಮ್ಮದು. ನಾನು ದನದ ಸಂತೆಗಳಲ್ಲಿ ದಲಾಲಿ ಮಾಡಿ ಮೇಲೆ ಬಂದವನು. ಒಂದು ಬೇಸಿಗೆಯಲ್ಲಿ ಶಾಲೆ ನೋಡಲು ಬಂದ ಸಾಹೇಬರು, ಒಬ್ಬರೇ ಮಾಸ್ತರು, ಕೆಲವೇ ಮಕ್ಕಳು ಇದ್ದದ್ದು ಕಂಡು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕೇಳಿದರು: "ಬಾಜೂ ಊರಿನ ಶಾಲಿ ಎಷ್ಟು ದೂರ ಅದ?"

"ಇಲ್ಲೇ ಅದರಿ ಸಾಹೇಬ್ರ. ಒಂದು ಬೀಡಿ ಸೇದೂದ್ರಾಗ ಮುಟ್ತೀರಿ."

ನಮ್ಮ ಕಡೆ ಬಂದವರಿಗೆ ದೂರ ಎಂದು ಹೇಳುವುದು ಮರ್ಯಾದೆಯಲ್ಲ. ಎರಡು ಹರದಾರಿಯೂ 'ಇಲ್ಲೇ'. ಆದರೆ ಸಾಹೇಬರು ಅದನ್ನು ಬರೆದುಕೊಂಡರು. ಮಳೆಗಾಲ ಶುರುವಾಗುವಾಗ ಬಾಗಿಲಿಗೆ ಬೀಗ, ಮಾಸ್ತರು ಬಾಜೂ ಊರಿಗೆ.

ನಿಜವಾದ ದೂರ ಐದು ಬೀಡಿ. ನಡುವೆ ಕರಿ ಮಣ್ಣು, ಒಂದು ಹಳ್ಳ. ಗಂಡುಮಕ್ಕಳು ಹೇಗೋ ಹೋದರು. ಹೆಣ್ಣುಮಕ್ಕಳು ಮನೆಯಲ್ಲಿ ಉಳಿದರು. ಮೂರನೆಯ ಇಯತ್ತೆಯ ನನ್ನ ಮಗಳು ಕಟ್ಟೆಯ ಮೇಲೆ ಕುಳಿತು ಅದೇ ಹಳೆಯ ಪಾಠವನ್ನು ದಿನಾ ಪಾಟಿಯ ಮೇಲೆ ಬರೆದು ಅಳಿಸುತ್ತಿದ್ದಳು. ಅವಳ ಗೆಳತಿಯ ತಾಯಿ, ಪಕ್ಕದ ಮನೆಯ ಆಪಾ, ನನ್ನನ್ನು ಕಂಡಾಗಲೆಲ್ಲ ಬಿಡುತ್ತಿರಲಿಲ್ಲ.

"ಏನಣ್ಣಾ, ನಿನ್ನ ಒಂದು ಬೀಡಿ ನಮ್ಮ ಪೋರಿಗಳ ಓದು ಸುಟ್ಟು ಬಿಡ್ತಲ್ಲ. ಎರಡು ಸೇದಿದ್ರ ಊರೇ ಉಳೀತಿರಲಿಲ್ಲ."

ಸಂತೆ ಬಿಟ್ಟು ಕಚೇರಿಗೆ ಅಲೆದೆ. ಅರ್ಜಿ ಕೊಟ್ಟೆ, ಊರಿನವರ ಸಹಿ, ಹೆಬ್ಬೆಟ್ಟು ಕೊಟ್ಟೆ. ಗುಮಾಸ್ತರು ಪ್ರತಿ ಸಲ ಫೈಲು ತೆಗೆದು ಒಂದೇ ಮಾತು ಹೇಳುತ್ತಿದ್ದರು: "ಹತ್ತಿರ ಅದ ಅಂತ ನಿಮ್ಮ ಊರಾವ್ರೇ ಹೇಳ್ಯಾರಲ್ರಿ."

ಏಳನೆಯ ಸಲ ಸಾಹೇಬರೇ ಕುಳಿತಿದ್ದರು. "ಹೇಳಿದಾಂವ ನಾನೇ ರಿ. ಸುಳ್ಳು ಹೇಳೀನಿ," ಎಂದೆ. ಸುತ್ತ ಇದ್ದವರು ನಕ್ಕರು. ಆಗ ನನಗೆ ನನ್ನ ಕಸುಬು ನೆನಪಾಯಿತು. ಎತ್ತನ್ನು ಎಷ್ಟು ಹೊಗಳಿದರೂ ವ್ಯಾಪಾರ ಕುದುರುವುದಿಲ್ಲ. ಕೊಳ್ಳುವವನ ಕೈಗೇ ಹಗ್ಗ ಕೊಟ್ಟು ಹತ್ತು ಹೆಜ್ಜೆ ನಡೆಸಬೇಕು. "ಸಾಹೇಬ್ರ, ಶಾಲಿ ಕೊಡಬ್ಯಾಡ್ರಿ. ಒಂದು ಸಲ ನಡದು ನೋಡ್ರಿ, ಸಾಕು."

ಶ್ರಾವಣದ ಒಂದು ಮುಂಜಾನೆ ಅವರು ಬಂದರು. ಶಾಲೆಯ ಬಾಗಿಲಲ್ಲಿ ನಾನು ಬೀಡಿ ಹಚ್ಚಿದೆ. ಮುಂದೆ ನನ್ನ ಮಗಳು, ಆಪಾಳ ಮಗಳು, ಹಿಂದೆ ಸಾಹೇಬರು. ಮೊದಲ ಬೀಡಿ ಮುಗಿದಾಗ ಊರಿನ ಕೊನೆಯ ಮನೆಯೂ ದಾಟಿರಲಿಲ್ಲ. ಎರಡನೆಯದಕ್ಕೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತು, ಚಪ್ಪಲಿ ಕೆಸರಲ್ಲೇ ಉಳಿಯಿತು. ಮೂರನೆಯದಕ್ಕೆ ಹಳ್ಳ ಬಂತು. ಮಗಳು ಪಾಟಿಯನ್ನು ತಲೆಯ ಮೇಲಿಟ್ಟು ನೀರಿಗೆ ಇಳಿಯಲು ಹೋದಳು. ಸಾಹೇಬರು ಅವಳ ತೋಳು ಹಿಡಿದರು.

"ದಿನಾ ಹಿಂಗೇ ಹೋಗ್ತಿ ಏನವ್ವಾ?"

"ಇಲ್ರಿ. ಅದಕ್ಕೇ ಮನ್ಯಾಗ ಇರ್ತೀನಿ."

ಅವರು ನನ್ನ ಕಡೆ ತಿರುಗಿದರು. "ಎಷ್ಟನೇ ಬೀಡಿ?" ಎಂದು ಕೇಳಿದರು.

"ಮೂರು ಆದವು ರಿ. ಇನ್ನೂ ಎರಡು ಅದಾವ."

ಅವರು ಕಾಗದ ತೆಗೆದು, ನನ್ನನ್ನು ಬಗ್ಗಿಸಿ, ನನ್ನ ಬೆನ್ನ ಮೇಲೆಯೇ ಇಟ್ಟು, ಶಾಲೆ ಮತ್ತೆ ತೆರೆಯಬೇಕು ಎಂದು ಬರೆದರು. ಒಂದು ಷರತ್ತು ಹಾಕಿದರು: ಹೆಣ್ಣುಮಕ್ಕಳು ಒಂದು ದಿನವೂ ತಪ್ಪಬಾರದು. ಅದಕ್ಕೆ ಆಪಾ ಹೊಣೆ ನಿಂತಳು. ದಿನಾ ಮುಂಜಾನೆ ಮನೆಮನೆಗೆ ಹೋಗಿ ತಾನೇ ಕರೆತರುತ್ತೇನೆ ಎಂದಳು. ದಸರೆ ಮುಗಿದ ಮೇಲೆ ಬೀಗ ತೆಗೆದರು. ಮಗಳು ಮೊದಲ ದಿನವೇ ಆ ಹಳೆಯ ಪಾಠ ಅಳಿಸಿ ಹೊಸದು ಬರೆದುಕೊಂಡು ಬಂದಳು.

ನಿಮ್ಮ ಓಣಿಯ ಶಾಲೆಗೂ ಬೀಗ ಬಿದ್ದಿದ್ದರೆ ಹೀಗೆ ಮಾಡಿ. ಕಚೇರಿಯಲ್ಲಿ ವಾದ ಮಾಡಬೇಡಿ. ಸಹಿ ಹಾಕುವವರನ್ನೇ ಕರೆತನ್ನಿ, ಅದೂ ಮಳೆಗಾಲದಲ್ಲಿ, ಮಕ್ಕಳು ಹೊರಡುವ ಹೊತ್ತಿಗೆ. ಜೀಪು ಊರ ಹೊರಗೇ ನಿಲ್ಲಲಿ. ಎಲ್ಲರಿಗಿಂತ ಸಣ್ಣ ಮಗು ಮುಂದೆ ನಡೆಯಲಿ. ನೀವು ಬಾಯಿ ಮುಚ್ಚಿಕೊಂಡು ಹಿಂದೆ ಬನ್ನಿ. ದೂರ ಎಷ್ಟು ಎಂದು ಯಾರಾದರೂ ಕೇಳಿದರೆ, ಉತ್ತರವನ್ನು ಆ ಮಗುವಿಗೇ ಬಿಡಿ.