ಬೇಲಿ ಮುಗಿಯುವಲ್ಲಿ ಬಳಚು

ಬಂದ ಮೊದಲ ಸಂಜೆಯೇ ಸೈನಿಕನೊಬ್ಬ ನನ್ನ ಫೋನ್ ಕೇಳಿ ಇಸಿದುಕೊಂಡ. ರಸ್ತೆಯ ಕೊನೆಯಲ್ಲಿ ಕಡಲು ಕಾಣಿಸಿತೆಂದು ಓಡಿಹೋಗಿ ನಾನೊಂದು ಫೋಟೊ ತೆಗೆದಿದ್ದೆ, ಅಷ್ಟೇ. ಎಲ್ಲಿತ್ತೋ ಏನೋ, ಮರಳಿನ ಬಣ್ಣದ ಜೀಪೊಂದು ಬಂದು ಪಕ್ಕದಲ್ಲೇ ನಿಂತಿತು. "ಮಮ್ನೂ" ಎಂದ ಅವನು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಫೋಟೊವನ್ನು ತಾನೇ ಅಳಿಸಿ, ಫೋನ್ ವಾಪಸು ಕೊಟ್ಟು, "ಥ್ಯಾಂಕ್ಯೂ, ಸಿಸ್ಟರ್" ಎಂದು ಹೊರಟುಹೋದ. ದುಬೈಯಲ್ಲಿದ್ದಷ್ಟು ಕಾಲ ನನ್ನ ಅರಬ್ಬಿ ಜ್ಞಾನವೆಂದರೆ ಯಲ್ಲಾ, ಖಲಾಸ್, ಮಾಫಿ. ನಡಿ, ಮುಗಿಯಿತು, ಇಲ್ಲ. ಅಷ್ಟರಲ್ಲೇ ಸಂಸಾರ ಸಾಗಿತ್ತು. ಅಬುಧಾಬಿಯ ಈ ಕಡಲಂಚಿಗೆ ಬಂದ ದಿನವೇ ನಾಲ್ಕನೆಯ ಪದ ಕಲಿತೆ. ಮಮ್ನೂ ಎಂದರೆ ನಿಷಿದ್ಧ.

"ಅಮ್ಮಾ, ದೇರ್ ಈಸ್ ಎ ಬೋರ್ಡ್" ಎಂದಳು ಮಗಳು ಅನ್ವಿ. ಕ್ಯಾಮರಾದ ಚಿತ್ರದ ಮೇಲೆ ಕೆಂಪು ಗೀಟು ಎಳೆದ ದೊಡ್ಡ ಬೋರ್ಡು. ನಾನು ಅದಕ್ಕೇ ಒರಗಿಕೊಂಡು ಫೋಟೊ ತೆಗೆದಿದ್ದೆ.

ಬೋರ್ಡಿನಾಚೆ ಇರುವುದು ಸೈನಿಕ ನೆಲೆ. ನನ್ನ ಗಂಡ ಗಣಪತಿ ಹಡಗುಗಳ ಏಸಿ, ತಂಪುಕೋಣೆ ರಿಪೇರಿ ಮಾಡುವವರು. ಅವರ ಕಂಪನಿಗೆ ಈ ನೆಲೆಯೊಳಗೆ ಕೆಲಸ ಸಿಕ್ಕಿತು, ನಾವು ದುಬೈಯ ಅಲ್ ನಹ್ದಾದಿಂದ ಗಂಟುಮೂಟೆ ಕಟ್ಟಿದೆವು. ಅಲ್ ನಹ್ದಾದ ಲಿಫ್ಟಿನಲ್ಲಿ ನಿಂತರೆ ತುಳು, ಮಲಯಾಳ, ಹಿಂದಿ ಎಲ್ಲ ಕಿವಿಗೆ ಬೀಳುತ್ತಿತ್ತು. ಯಾರದೋ ಮನೆಯ ಮೀನುಸಾರಿನ ಪರಿಮಳವೂ ನಮ್ಮ ಜೊತೆಗೇ ಮೇಲೆ ಬರುತ್ತಿತ್ತು. ಇಲ್ಲಿ ಲಿಫ್ಟೂ ಇಲ್ಲ, ನೆರೆಯವರೂ ಇಲ್ಲ. ನಾವಿರುವುದು ವಿಲ್ಲಾದಲ್ಲಿ. ಹಾಗೆಂದ ಕೂಡಲೇ ಊರಿನವರು ಅರಮನೆ ಎಂದುಕೊಳ್ಳಬೇಡಿ. ದೊಡ್ಡ ಮನೆಯೊಂದರ ಹಿಂಭಾಗದಲ್ಲಿ ಎರಡು ಕೋಣೆ, ಹಿಂದೆ ಉಗ್ರಾಣವಾಗಿದ್ದ ಜಾಗದಲ್ಲಿ ಅಡುಗೆಮನೆ. ಒಗ್ಗರಣೆ ಹಾಕಿದರೆ ಹಾಸಿಗೆಯವರೆಗೆ ಘಾಟು. ಕಿಟಕಿಯೊಂದು ಮಾತ್ರ ದೊಡ್ಡದು, ಅದರಲ್ಲಿ ಬೇಲಿಯೂ ಬೇಲಿಯ ಹಿಂದೆ ಕಡಲೂ ಕಾಣುತ್ತವೆ.

ಸಾಮಾನು ಇಳಿಸಿದ ದಿನವೇ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ ಎಚ್ಚರಿಸಿದ್ದ: ನೆಲೆಯವರಿಂದ ನಿಮ್ಮ ಮೇಲೆ ಒಂದು ಸಣ್ಣ ದೂರು ಬಂದರೂ ಗೇಟ್ ಪಾಸ್ ಹೋಗುತ್ತದೆ. ಪಾಸ್ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ. ಗಣಪತಿ ಅದನ್ನು ನನಗೆ ಬಿಡಿಸಿ ಹೇಳಲಿಲ್ಲ. ಪಾಸನ್ನು ಕೊರಳಿಂದ ತೆಗೆದು ದೇವರ ಫೋಟೊದ ಕೆಳಗಿನ ಮೊಳೆಗೆ ತೂಗುಹಾಕಿದರು. ನನಗೆ ಅರ್ಥವಾಯಿತು.

ನಾನು ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಬಸ್ಸಿನಲ್ಲಿ ಎಲೆಕ್ಟ್ರಾ ಸ್ಟ್ರೀಟಿನವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು. ವಾಪಸು ಬರುವಷ್ಟರಲ್ಲಿ ಜೀವ ಹಣ್ಣಾಗಿರುತ್ತಿತ್ತು. ಆದರೂ ಸಂಜೆ ಬೇಲಿಗುಂಟ ಒಂದು ಸುತ್ತು ನಡೆಯುತ್ತಿದ್ದೆ, ಹೊಸ ಜಾಗ ಕಾಲಿಗಾದರೂ ಪರಿಚಯವಾಗಲಿ ಎಂದು. ದಾರಿಯಲ್ಲಿ ಒಂದು ಬಕಾಲಾ, ಅಂದರೆ ನಮ್ಮ ಗೂಡಂಗಡಿಗಿಂತ ತುಸು ದೊಡ್ಡ ಕಿರಾಣಿ ಅಂಗಡಿ. ಒಂದು ಮಸೀದಿ. ಕರಕ್ ಚಹಾ ಮಾರುವ ಕಿಂಡಿ. ಆಮೇಲೆ ಬರೀ ಬೇಲಿ. ಈ ಕಡಲಿಗೆ ವಾಸನೆಯೇ ಇಲ್ಲ, ಸದ್ದೂ ಅಷ್ಟಕ್ಕಷ್ಟೇ. ತಟ್ಟೆಯಲ್ಲಿ ಹಾಕಿಟ್ಟ ನೀರಿನ ಹಾಗೆ ಬಿದ್ದಿರುತ್ತದೆ. ನಮ್ಮೂರಲ್ಲಿ ಸೂರ್ಯ ಮುಳುಗುವ ಕಡೆ ಕೈ ತೋರಿಸಿ "ಅಲ್ಲಿ ಗಲ್ಫು" ಎನ್ನುತ್ತಿದ್ದರು. ಇಲ್ಲೂ ಸೂರ್ಯ ಕಡಲಲ್ಲೇ ಮುಳುಗುತ್ತಾನೆ. ಅದರಾಚೆ ಏನಿದೆ ಎಂದು ಕೇಳುವ ಉಮೇದು ನನಗಂತೂ ಉಳಿದಿರಲಿಲ್ಲ.

ಹಾಗೆ ನೋಡಿದರೆ ಬೇಲಿ ನನಗೆ ಹೊಸದಲ್ಲ. ನಾನು ಹುಟ್ಟಿದ ಉತ್ತರ ಕನ್ನಡದ ಕಡಲೂರೂ ಒಂದು ನೆಲೆಯೊಳಗೆ ಸೇರಿಹೋಗಿದೆ. ಹೆಸರು ಬರೆದು ಪ್ರಯೋಜನವಿಲ್ಲ, ಹುಡುಕಿದರೂ ನಿಮಗೆ ಸಿಗದು. ನಮ್ಮನ್ನೆಲ್ಲ ಗುಡ್ಡದ ಬುಡದ ಕಾಲೊನಿಗೆ ಸಾಗಿಸಿದಾಗ ನಾನಿನ್ನೂ ಚಿಕ್ಕವಳು. ಅಣ್ಣನ ಸಂಸಾರದ ಜೊತೆ ಅವ್ವಿ, ಅಂದರೆ ನನ್ನ ಅಮ್ಮ, ಈಗಲೂ ಅಲ್ಲೇ ಇದ್ದಾಳೆ. ಬೇಲಿ ಬಂದರೂ ಕಾಲೊನಿಯ ಹೆಂಗಸರು ಬಳಚು ಹೆಕ್ಕುವುದು ಬಿಡಲಿಲ್ಲ. ಬಳಚು ಎಂದರೆ ಮರಳಿನಡಿ ಸಿಗುವ ಚಿಪ್ಪುಮೀನು. ನೀರು ಪೂರಾ ಇಳಿದಾಗ ಬೇಲಿಯ ಕೊನೆಯ ಕಂಬ ಒದ್ದೆ ಮರಳಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಅದರಾಚೆಯ ಮರಳು ಯಾರದ್ದೂ ಅಲ್ಲ, ಕಡಲಿನದು ಎಂಬುದು ಹೆಂಗಸರ ಲೆಕ್ಕಾಚಾರ. ಇಳಿತ ಎಷ್ಟು ಹೊತ್ತಿಗೆ ಎಂದು ನೋಡಿ ಹೇಳುವುದು ಹುಡುಗಿಯಾಗಿದ್ದಾಗ ನನ್ನ ಕೆಲಸವಾಗಿತ್ತು. ಕರಿಬಂಡೆ ಎಷ್ಟು ಒದ್ದೆಯಾಗಿದೆ, ಚಂದ್ರ ಎಷ್ಟು ಸವೆದಿದ್ದಾನೆ ಎಂದು ನೋಡಿ ಹೇಳುತ್ತಿದ್ದೆ, ತಪ್ಪುತ್ತಿರಲಿಲ್ಲ. ಗಲ್ಫಿಗೆ ಬಂದ ಮೇಲೂ ಅವ್ವಿ ಫೋನಿನಲ್ಲಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು. "ಇವತ್ತು ಇಳಿತ ಎಷ್ಟೊತ್ತಿಗೆ, ತಂಗಿ?" ನಮ್ಮ ಕಡೆ ಮಗಳನ್ನು ಕರೆಯುವುದೂ ತಂಗಿ ಎಂದೇ. ಅಲ್ ನಹ್ದಾದ ಅಡುಗೆಮನೆಯಲ್ಲಿ ನಿಂತೇ ನಾನು ಊರಿನ ಇಳಿತ ಹೇಳಿಬಿಡುತ್ತಿದ್ದೆ.

ಈ ಚಳಿಗಾಲದಲ್ಲಿ ಅವ್ವಿ ವಿಸಿಟ್ ವೀಸಾದ ಮೇಲೆ ಬಂದಳು. ಎತ್ತರದ ಕಟ್ಟಡ ತೋರಿಸಿದರೆ, "ಇದ್ರಲ್ಲಿ ಕರೆಂಟ್ ಹೋದ್ರೆ ಏನ್ ಮಾಡ್ತ್ರು?" ಎಂದಳು. ಮಾಲಿನಲ್ಲಿ ಕಾಲು ನೋವೆಂದು ಕೂತುಬಿಟ್ಟಳು. ಅಲ್ ಮೀನಾದ ಮೀನುಮಾರ್ಕೆಟ್ಟಿನಲ್ಲಿ ಮಾತ್ರ ಅವಳ ಮುಖ ಅರಳಿತು. ಬಂಗಡೆಯ ಕಿವಿರು ಎತ್ತಿ ನೋಡಿದಳು, ಹಮ್ಮೂರ್ ಎಂಬ ಇಲ್ಲಿಯ ದೊಡ್ಡ ಮೀನಿನ ಕೆನ್ನೆ ತಟ್ಟಿದಳು. ಬಳಚು ಎಲ್ಲೂ ಕಾಣಲಿಲ್ಲ. "ಇಷ್ಟ್ ದೊಡ್ಡ ಕಡ್ಲ್ ಇಟ್ಕಂಡು ಬಳಚು ಇಲ್ಲ ಅಂದ್ರೆ ನಾ ನಂಬೂದಿಲ್ಲ" ಎಂದಳು.

ಸಂಜೆಯ ತಿರುಗಾಟಕ್ಕೆ ಅವಳೂ ಬರತೊಡಗಿದಳು. ಒಂದು ದಿನ ಬೋರ್ಡಿನ ಹತ್ತಿರ ನಿಂತು ಬಹಳ ಹೊತ್ತು ಬೇಲಿಯನ್ನೇ ನೋಡಿದಳು. ಅದು ಮರಳಿಗಿಳಿದು, ನೀರಿಗಿಳಿದು, ಒಂದು ಕಂಬದಲ್ಲಿ ಮುಗಿದಿತ್ತು. "ಇಲ್ಲೂ ಹಾಂಗೇ ಅದೆ" ಎಂದಳು. ನನಗೆ ನಿದ್ದೆ ಎಳೆಯುತ್ತಿತ್ತು. ಹೂಂ ಎಂದೆ. ಆ ಹೂಂ ಅವಳಿಗೆ ಒಪ್ಪಿಗೆಯಂತೆ ಕೇಳಿಸಿರಬೇಕು.

ಅಮಾವಾಸ್ಯೆ ಕಳೆದ ಶನಿವಾರ, ರಜೆಯ ಬೆಳಿಗ್ಗೆ. ನಾನು ಕಾವಲಿಯ ಮೇಲೆ ತೆಳ್ಳೇವು ದೋಸೆ ಎರೆಯುತ್ತಿದ್ದೆ. ಅವ್ವಿಯನ್ನು ಕರೆದರೆ ಉತ್ತರವಿಲ್ಲ. "ಅಜ್ಜಿ ವೆಂಟ್ ಟು ದ ಬೀಚ್. ಶೀ ಟುಕ್ ಎ ಬ್ಯಾಗ್" ಎಂದಳು ಅನ್ವಿ, ಟ್ಯಾಬಿನಿಂದ ಕಣ್ಣೆತ್ತದೆ. ಕಿಟಕಿಗೆ ಓಡಿದೆ. ನೀರು ದೂರ ಸರಿದಿತ್ತು. ಬೇಲಿಯ ಕೊನೆಯ ಕಂಬ ಒದ್ದೆ ಮರಳಲ್ಲಿ ಒಂಟಿಯಾಗಿ ನಿಂತಿತ್ತು. ಅದರಾಚೆ ಸೀರೆಯ ನೆರಿಗೆ ಎತ್ತಿಕಟ್ಟಿದ ಒಂದು ಆಕೃತಿ ಬಗ್ಗಿ ಮರಳು ಕೆದಕುತ್ತಿತ್ತು, ಅದರ ಕಡೆಗೆ ಜೀಪು ಹೊರಟಿತ್ತು. ನನ್ನ ಕಣ್ಣು ಮೊದಲು ಹೋದದ್ದು ದೇವರ ಫೋಟೊದ ಕೆಳಗಿನ ಮೊಳೆಯ ಕಡೆಗೆ.

ನಾನು, ಗಣಪತಿ, ಅನ್ವಿ ಏದುಸಿರು ಬಿಡುತ್ತ ಕಾವಲುಮನೆ ತಲುಪಿದಾಗ ಅವ್ವಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದಳು. ಕೈಗೆ ನೀರಿನ ಬಾಟಲಿ ಕೊಟ್ಟಿದ್ದರು. ಕಾಲಬುಡದಲ್ಲಿ ಬ್ಯಾಗು, ಅರ್ಧ ತುಂಬಿತ್ತು. "ಬಳಚು ಅಲ್ಲ ತಂಗಿ, ಅದ್ರ ದಾಯಾದಿ" ಎಂದಳು ನನ್ನನ್ನು ಕಂಡವಳೇ. ವಯಸ್ಸಾದ ಒಬ್ಬ ಅಧಿಕಾರಿ ಹಿಂದಿ ಬಲ್ಲವನಿದ್ದ. "ಯೇ ಮಿಲಿಟರಿ ಏರಿಯಾ ಹೈ, ಮಾಲೂಮ್ ನಹೀ?" ಎಂದು ಗಣಪತಿಯನ್ನು ಕೇಳಿದ. ಗಣಪತಿ ತಲೆ ತಗ್ಗಿಸಿ ಸಾರಿ ಸರ್, ಸಾರಿ ಸರ್ ಎನ್ನುತ್ತಲೇ ಇದ್ದರು. ಮನೆಯಲ್ಲಿ ಎಷ್ಟು ಕೂಗಿದರೂ ಜಗ್ಗದ ಮನುಷ್ಯ. ಅವರನ್ನು ಹಾಗೆ ನೋಡಲು ನನ್ನಿಂದಾಗಲಿಲ್ಲ.

ಅವ್ವಿ ಮಾತ್ರ ಮೊಮ್ಮಗಳನ್ನು ಹತ್ತಿರ ಕರೆದಳು. "ಇಲ್ಲಿ ಮೊದ್ಲು ಯಾರ ಊರಿತ್ತು ಕೇಳು."

ಬೇಡ ಎಂದು ನಾನು ಕಣ್ಸನ್ನೆ ಮಾಡುವುದರೊಳಗೆ ಅನ್ವಿ ಕೇಳಿಯಾಗಿತ್ತು. "ಮೈ ಗ್ರ್ಯಾಂಡ್ಮಾ ಈಸ್ ಆಸ್ಕಿಂಗ್ ಹೂ ಲಿವ್ಡ್ ಹಿಯರ್ ಬಿಫೋರ್."

"ನೋಬಡಿ" ಎಂದ ಅಧಿಕಾರಿ. "ಓನ್ಲಿ ಸ್ಯಾಂಡ್."

ಅನ್ವಿ ಅದನ್ನು ಅಜ್ಜಿಗೆ ಹೇಳಿದಳು. ಅವ್ವಿ ನಕ್ಕಳು. "ಯಾರೂ ಇಲ್ದೆ ಅಷ್ಟ್ ಚಿಪ್ಪಿ ರಾಶಿ ಹ್ಯಾಂಗೆ ಬಿತ್ತು? ಸುಟ್ಟ ಒಲೆಕಲ್ಲೂ ಅದೆ, ನಾ ನೋಡ್ದೆ. ನಮ್ಮೂರಲ್ಲೂ ಯಾರೂ ಇರ್ಲಿಲ್ಲ ಅಂತೇ ಹೇಳೂದು ಈಗ." ಒಲೆಕಲ್ಲಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ಅನ್ವಿಗೆ ತಿಳಿಯಲಿಲ್ಲ. ನಾನು ಅವಳ ತೋಳು ಹಿಡಿದೆ, ಅಲ್ಲಿಗೆ ಮಾತು ನಿಂತಿತು.

ಅಧಿಕಾರಿ ಬ್ಯಾಗಿನೊಳಗೆ ಬಗ್ಗಿ ನೋಡಿ, ಇದನ್ನು ಹೇಗೆ ಬೇಯಿಸುತ್ತೀರಿ ಎಂದು ಕೇಳಿದ. ತೆಂಗಿನಕಾಯಿ ಹಾಕಿ ಎಂದೆ. ಅವನು ತಲೆಯಾಡಿಸಿದ, ತುಸು ನಕ್ಕನೋ ಏನೋ. ಆಮೇಲೆ ನಮ್ಮ ಎಮಿರೇಟ್ಸ್ ಐಡಿಗಳ, ಅವ್ವಿಯ ಪಾಸ್‌ಪೋರ್ಟಿನ ಫೋಟೊ ತೆಗೆದುಕೊಂಡು, ಬ್ಯಾಗನ್ನು ಮರಳಿಗೆ ಸುರಿಸಿದ. "ಖಲಾಸ್" ಎಂದ. ಮುಗಿಯಿತು ಎಂದೇ ನಾವೂ ಅಂದುಕೊಂಡೆವು. ಸೋಮವಾರ ಗೇಟಿನಲ್ಲಿ ಗಣಪತಿಯ ಪಾಸ್ ಕೆಲಸ ಮಾಡಲಿಲ್ಲ.

ಆ ದಿನಗಳನ್ನು ಹೇಗೆ ಕಳೆದೆವೋ. ಗಣಪತಿ ಮನೆಯ ಏಸಿ ಬಿಚ್ಚಿ ತೊಳೆದರು, ಒಣಗಿಸಿ ಜೋಡಿಸಿದರು, ಮರುದಿನ ಮತ್ತೆ ಬಿಚ್ಚಿದರು. ಅವ್ವಿ ಊಟ ಬಿಟ್ಟಳು. "ಅತ್ತೆ, ನಿಮ್ಮಿಂದ ಆದ್ದಲ್ಲ ಇದು. ಉಣ್ಣಿ" ಎಂದು ಅವರೇ ತಟ್ಟೆ ಮುಂದಿಟ್ಟರು. ತಡೆಯಲಾಗದೆ ಹೋದದ್ದು ನನಗೆ. ಅನ್ವಿಯ ಶಾಲೆ, ನನ್ನ ಕ್ಲಿನಿಕ್ಕು, ಊರಲ್ಲಿ ನಾವು ಕಟ್ಟಿಸುತ್ತಿದ್ದ ಮನೆಯ ಅರ್ಧ ಎದ್ದ ಗೋಡೆಗಳು, ಎಲ್ಲ ಆ ಮೊಳೆಯ ಮೇಲೆ ನೇತಾಡುತ್ತಿದ್ದವು.

"ಇದು ನಮ್ಮೂರಲ್ಲ ಅವ್ವಿ! ಯಾಕೆ ಅರ್ಥ ಆಗೂದಿಲ್ಲ ನಿಂಗೆ?"

"ನಮ್ಮೂರಲ್ಲ ಅಂತ ನಂಗೂ ಗೊತ್ತದೆ" ಎಂದಳು ಮೆಲ್ಲಗೆ. "ಮತೆ ನಮ್ಮೂರು ಯಾವ್ದು, ಅದ್ನ ಹೇಳು."

ಒಂದು ಬೇಲಿ ನಮ್ಮನ್ನು ಹೊರಗೆ ಹಾಕಿತು, ಇನ್ನೊಂದು ಬೇಲಿ ನಮಗೆ ಅನ್ನ ಹಾಕುತ್ತಿದೆ, ಆ ಅನ್ನಕ್ಕಾಗಿ ನಾನು ಅವ್ವಿಯ ಮೇಲೆ ಕೂಗಾಡುತ್ತಿದ್ದೇನೆ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಸಿಟ್ಟು ಇಳಿಯಲಿಲ್ಲ, ನಿಜ ಹೇಳಬೇಕಲ್ಲ.

ಕೊನೆಗೆ ಪಾಸ್ ಬಂತು. ಮನೆಯವರು ಯಾರೂ ಬೋರ್ಡ್ ದಾಟುವುದಿಲ್ಲ, ಇನ್ನೊಮ್ಮೆ ದಾಟಿದರೆ ಕ್ಷಮೆಯಿಲ್ಲ ಎಂದು ಬರೆಸಿಕೊಂಡು ಕೊಟ್ಟರು. ಗಣಪತಿ ಅದನ್ನು ಮೊಳೆಗೆ ಹಾಕಿ, ಕೈಮುಗಿದು, ಸ್ನಾನಕ್ಕೆ ಹೋದರು. ನೀರು ಬಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ವೀಸಾ ಮುಗಿಯುವವರೆಗೆ ಅವ್ವಿ ಮತ್ತೆ ತಿರುಗಾಟಕ್ಕೆ ಬರಲಿಲ್ಲ. ವಿಮಾನ ನಿಲ್ದಾಣದಲ್ಲಿ ನನ್ನ ಕೆನ್ನೆ ಸವರಿ, "ಬಡಕ್ ಆಗಿದ್ಯೆ" ಎಂದಳು, ಅಷ್ಟೇ.

ಅಂದಿನಿಂದ ಈ ಕಡಲನ್ನು ಕಾಯುವುದು ನನ್ನ ಇನ್ನೊಂದು ಪಾಳಿ. ಅನ್ವಿಗೆ ಅಜ್ಜಿಯ ಹುಚ್ಚು ಅಂಟಿದೆ. ಶಾಲೆಯಿಂದ ಬಂದವಳೇ ಸೈಕಲ್ ಹತ್ತಿ ಬೋರ್ಡಿನವರೆಗೆ ಹೋಗುತ್ತಾಳೆ, ಒಲೆಕಲ್ಲು ನೋಡಬೇಕಂತೆ. ನೀರು ತುಂಬಿದ್ದರೆ ಬಿಡುತ್ತೇನೆ, ಇಳಿಯುತ್ತಿದ್ದರೆ ಬಿಡುವುದಿಲ್ಲ. ಕ್ಲಿನಿಕ್ಕಿಗೆ ಹೊರಡುವ ಮುಂಚೆ ಕಿಟಕಿ, ಬಂದ ಮೇಲೆ ಕಿಟಕಿ. ಆ ಒಂಟಿ ಕಂಬದ ಒದ್ದೆಯ ಗುರುತು ಎಲ್ಲಿದೆ, ನಾಳೆ ಇಳಿತ ಎಷ್ಟು ತಡವಾಗುತ್ತದೆ ಎಂದು ಮನಸ್ಸು ತನ್ನಷ್ಟಕ್ಕೇ ಎಣಿಸುತ್ತಿರುತ್ತದೆ. ಹೆದರಿ ಕಲಿತ ವಿದ್ಯೆ, ಪ್ರೀತಿಯಿಂದ ಕಲಿತದ್ದಲ್ಲ.

ಮೊನ್ನೆ ಅಮಾವಾಸ್ಯೆಯ ದಿನ ಅವ್ವಿ ಫೋನ್ ಮಾಡಿದಳು. ಸೊಸೆಯ ಸುದ್ದಿ, ಕಾಲೊನಿಯ ನಲ್ಲಿ ನೀರಿನ ಸುದ್ದಿ ಎಲ್ಲ ಆದ ಮೇಲೆ ಹಳೆಯ ಪರೀಕ್ಷೆ. ಬಂದುಹೋದ ಮೇಲೆ ಇದೇ ಮೊದಲ ಸಲ ಕೇಳಿದ್ದು.

"ಇವತ್ತು ಇಳಿತ ಎಷ್ಟೊತ್ತಿಗೆ, ಹೇಳ್ ನೋಡ್ವಾ."

"ಐದರ ಹೊತ್ತಿಗೆ ಪೂರಾ ಇಳೀತದೆ" ಎಂದೆ, ಯೋಚನೆಯನ್ನೇ ಮಾಡದೆ.

ಅವಳ ಕಡೆಯಿಂದ ಚಿಪ್ಪು ಪಾತ್ರೆಗೆ ಬೀಳುವ ಸದ್ದು ಕೇಳಿಸಿತು. "ನಾ ಬೆಳಿಗ್ಗೆನೇ ಹೆಕ್ಕಂಡು ಬಂದು ಈಗ ತೊಳೀತಾ ಕೂತಿದ್ದೆ" ಎಂದಳು. "ನೀ ಹೇಳಿದ್ದು ಅಲ್ಲಿದು. ಇಲ್ಲಿದು ಮರ್ತೋಯ್ತಾ, ತಂಗಿ?"

ಕರಿಬಂಡೆಯನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದೆ. ಬಂದದ್ದು ಒಂಟಿ ಕಂಬ. ಕಿಟಕಿಯಾಚೆ ನೀರು ಸರಿಯತೊಡಗಿತ್ತು, ಅಂಗಳದಲ್ಲಿ ಅನ್ವಿ ಸೈಕಲ್ಲಿನ ಸ್ಟ್ಯಾಂಡ್ ತೆಗೆಯುತ್ತಿದ್ದಳು. ಫೋನನ್ನು ಕಿವಿಗೆ ಹಿಡಿದುಕೊಂಡೇ ಅವಳನ್ನು ಒಳಗೆ ಕರೆದೆ.