ಕುರ್ಚಿ ಬಿಟ್ಟು ಜಮಖಾನದ ಮೇಲೆ

ಗೆಳೆಯರೇ, ಇವತ್ತು ತೆರಕಣಾಂಬಿ ಹತ್ರದ ಒಂದೂರಲ್ಲಿ ಸಮಾನತೆ ತೋರಿಸೋಕೆ ಹೋಗಿ ಚೆನ್ನಾಗಿ ಬೈಸ್ಕೊಂಡೆ.

ಕೂಲಿಗೆ ಹೋಗೋ ಹೆಂಗಸರ ಸಂಘ, ಪಂಚಾಯ್ತಿ, ನಮ್ಮ ಸಂಸ್ಥೆ ಮೂರೂ ಸೇರಿ ಅರಿಶಿನ ಪುಡಿ ಮಾಡೋ ಮಿಲ್ ಶುರು ಮಾಡ್ತಿದ್ದೀವಿ. ಅದರ ಮೊದಲ ಸಭೆ. ಸಂಘದವರು ಶಾಲೆಯಿಂದ ಕುರ್ಚಿ ಹೊತ್ತು ತಂದು ದುಂಡಗೆ ಜೋಡಿಸಿದ್ರು. ನಾನು ಹೋದವಳೇ "ನಮ್ಮಲ್ಲಿ ಮೇಲು ಕೀಳು ಬೇಡ" ಅಂತ ಪಕ್ಕದ ಜಮಖಾನದ ಮೇಲೆ ಕೂತುಬಿಟ್ಟೆ. ಪಂಚಾಯ್ತಿ ಅಧ್ಯಕ್ಷರೂ ಕೂತ್ರು. ಪಾಪ, ಉಳಿದವರೂ ಕೆಳಗೇ ಕೂರಬೇಕಾಯ್ತು.

ಸಂಘದ ಮಾದಮ್ಮ ಮಾತ್ರ ಕುರ್ಚಿ ಹಿಡ್ಕೊಂಡು ನಿಂತೇ ಇದ್ರು. "ಅಲ್ಲ ಕಣ್ ಮೇಡಂ, ದೊಡ್ಡೋರ ಜಗ್ಲಿ ಕೆಳ್ಗೆ ಕೂತೂ ಕೂತೂ ನಮ್ಗೆ ಸಾಕಾಗೋಯ್ತು. ನಾವು ಕುರ್ಚಿ ಮ್ಯಾಲೆ ಕೂರೋ ದಿನಾನೇ ನಿಮ್ಗೆ ನೆಲ ನೆಪ್ಪಾಯ್ತಾ?"

ಎಲ್ಲರೂ ಗೊಳ್ಳಂತ ನಕ್ಕು ಎದ್ದು ಕುರ್ಚಿಗೆ ಹೋದ್ರು. ನೋಡಿದ್ರೆ ಒಂದು ಕುರ್ಚಿ ಕಮ್ಮಿ. "ನಾನು ಕೆಳಗೇ ಇರ್ತೀನಿ ಬಿಡಿ" ಅಂದೆ. ಯಾರೂ ಬೇಡ ಅನ್ನಲಿಲ್ಲ!

ಟೀ ಮುಗಿಯೋದ್ರೊಳಗೆ ಮಿಲ್ ಎಲ್ಲಿ, ಯಾರ ಪಾಳಿ ಯಾವಾಗ ಅಂತ ಹೆಂಗಸರೇ ತೀರ್ಮಾನ ಮಾಡಿದ್ರು. ನಾನು ತಲೆಯೆತ್ತಿ ನೋಡ್ತಾ ಎಲ್ಲರ ಮಾತೂ ಕೇಳಿಸ್ಕೊಂಡೆ. ಸಭೆ ಬಹಳ ಚೆನ್ನಾಗಾಯ್ತು. ಕತ್ತು ಮಾತ್ರ ಇನ್ನೂ ನೋಯ್ತಿದೆ.